ನಿವೃತ್ತಿಗೆ ಮುಂಚೆ ಬರೆದ ಕಾಗದಗಳು

ಸುದ್ದಿಮನೆಯಲ್ಲಿ ವರದಿಗಾರನಿಗೆ ಬೈಲೈನ್, ಅಂದರೆ ಸುದ್ದಿಯ ಮೇಲೆ ಅವನ ಹೆಸರು, ಸಿಗುತ್ತದೆ. ತಲೆಬರಹ ಕೊಟ್ಟವನಿಗೆ, ವಾಕ್ಯ ತಿದ್ದಿದವನಿಗೆ, ಪುಟ ಕಟ್ಟಿದವನಿಗೆ ಏನೂ ಇಲ್ಲ. ನಿವೃತ್ತಿ ಹತ್ತಿರವಾದಾಗ, ಬೆಂಗಳೂರಿನ ಡೆಸ್ಕಿನಲ್ಲಿ (ಸುದ್ದಿ ತಿದ್ದಿ ಪುಟ ಕಟ್ಟುವ ವಿಭಾಗದಲ್ಲಿ) ನನಗೆ ಕೆಲಸ ಕಲಿಸಿದ ಇಂಥವರಿಗೆ ಒಬ್ಬೊಬ್ಬರಿಗೂ ಕಾಗದ ಬರೆಯೋಣ ಅನ್ನಿಸಿತು. ಬೀಳ್ಕೊಡುಗೆ ಸಭೆಯಲ್ಲೇ ಹೇಳಬಾರದೇ ಎಂದು ಮನೆಯಲ್ಲಿ ಕೇಳಿದರು. ಶಾಲು, ಹಾರ, ಹಣ್ಣಿನ ಬುಟ್ಟಿಗಳ ನಡುವೆ ಮೈಕ್ ಹಿಡಿದವರೆಲ್ಲ ಹೇಳುವುದು ಒಂದೇ: 'ಇವರ ಮಾರ್ಗದರ್ಶನದಿಂದಲೇ ಈ ಮಟ್ಟಕ್ಕೆ ಬಂದೆ.' ಯಾರು ಯಾರ ಬಗ್ಗೆ ಬೇಕಾದರೂ ಹೇಳಬಹುದಾದ ಮಾತು. ಅಂಥದ್ದು ಕಾಪಿಯಲ್ಲಿ, ಅಂದರೆ ತಿದ್ದಲು ಬಂದ ಬರಹದಲ್ಲಿ, ಇದ್ದರೆ ನಾನೇ ಹೊಡೆದುಹಾಕುತ್ತಿದ್ದೆ.

ಅದಕ್ಕೇ ಒಂದು ಕಟ್ಟಳೆ ಹಾಕಿಕೊಂಡೆ. ಒಬ್ಬರಿಗೆ ಒಂದೇ ಸಂಗತಿ: ಕಲಿಸಿದ್ದೇನು, ಯಾವ ಹೊತ್ತಿನಲ್ಲಿ, ಅದು ಆಮೇಲೆ ನನಗೆ ಎಲ್ಲಿ ಕೆಲಸಕ್ಕೆ ಬಂತು. ಗುಣಗಾನ ಬೇಡ.

ಮೊದಲು ನೆನಪಾದದ್ದು 2001ರ ಸೆಪ್ಟೆಂಬರ್ 11. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ, ನಮಗೆ ಸಂಜೆ ಆರೂಕಾಲು. ದೂರದ ಊರುಗಳಿಗೆ ಮೊದಲೇ ಅಚ್ಚಾಗುವ ಡಾಕ್ ಆವೃತ್ತಿಯ ಮುಖಪುಟ ಆಗಲೇ ಅರ್ಧ ಕಟ್ಟಿಯಾಗಿತ್ತು. ವರ್ಲ್ಡ್ ಟ್ರೇಡ್ ಸೆಂಟರಿನ ಒಂದು ಗೋಪುರಕ್ಕೆ ವಿಮಾನ ಬಡಿದ 17 ನಿಮಿಷಕ್ಕೆ ಇನ್ನೊಂದಕ್ಕೂ ಬಡಿಯಿತು. ನಮ್ಮ ರಾತ್ರಿ ಎಂಟರೊಳಗೆ ಎರಡೂ ನೆಲಕ್ಕುರುಳಿದ್ದವು. ಅಲ್ಲಿ ಸುಮಾರು 50,000 ಜನ ಕೆಲಸ ಮಾಡುತ್ತಾರೆ ಎಂದು ಟಿವಿ ಹೇಳುತ್ತಲೇ ಇತ್ತು. ತಲೆಬರಹಕ್ಕೊಂದು ಸಂಖ್ಯೆ ಬೇಕೆಂದು ಎಲ್ಲರಿಗೂ ಆತುರ. ಪಾಳಿಯ ಮುಖ್ಯಸ್ಥರು ಕೇಳಿದ್ದು ಇಷ್ಟೇ: 'ಎಣಿಸಿದವರು ಯಾರು?' ಅದು ಕೆಲಸದವರ ಲೆಕ್ಕ, ಸತ್ತವರದ್ದಲ್ಲ ಎಂದು ಅಂಕಿಯಿಲ್ಲದ ತಲೆಬರಹವನ್ನೇ ಪುಟಕ್ಕೆ ಕಳಿಸಿದರು. ಮುಂದಿನ ವಾರಗಳಲ್ಲಿ ಆರು ಸಾವಿರ ದಾಟಿದ್ದ ಅಂದಾಜು ಇಳಿಯುತ್ತ ಬಂದು, ಆ ದಿನದ ಎಲ್ಲ ದಾಳಿಗಳೂ ಸೇರಿ, ವಿಮಾನ ಅಪಹರಿಸಿದವರನ್ನು ಬಿಟ್ಟು, 2,977ಕ್ಕೆ ನಿಂತಿತು. 2004ರ ಡಿಸೆಂಬರ್ 26, ಸುನಾಮಿಯ ಭಾನುವಾರ, ಪಾಳಿಯ ಹೊಣೆ ನನ್ನ ಮೇಲಿತ್ತು. ಅಲ್ಲಿ ಅಂಕಿ ಏರುತ್ತಲೇ ಹೋಯಿತು. ನಾನು ಕೇಳಿದ ಪ್ರಶ್ನೆ ಮಾತ್ರ ಅವರದ್ದೇ.

ಅವರು ಈಗಿಲ್ಲ. ಕಾಗದವನ್ನು ಅವರ ಮಗಳಿಗೆ ಬರೆದೆ. ಅಪ್ಪ ಮನೆಯಲ್ಲಿ ಆಫೀಸಿನ ಮಾತೇ ಎತ್ತುತ್ತಿರಲಿಲ್ಲ, ಇದೆಲ್ಲ ನಮಗೆ ಗೊತ್ತೇ ಇಲ್ಲ ಎಂದು ಫೋನ್ ಮಾಡಿ ಇನ್ನಷ್ಟು ಕೇಳಿದರು.

ಪೆನ್ನಿನಲ್ಲಿ ಬರೆದು, ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಡಿಟಿಪಿಯವರಿಗೆ ಕೊಡುತ್ತಿದ್ದ ಕಾಲದವನು ನಾನು. ಕಂಪ್ಯೂಟರ್ ಮುಂದೆ ಕೂರಲೇಬೇಕಾದಾಗ, ನನಗಿಂತ ಎಷ್ಟೋ ಚಿಕ್ಕ ಹುಡುಗಿ ಪಕ್ಕದಲ್ಲಿ ಕೂತು ಕನ್ನಡ ಟೈಪಿಂಗಿಗೆ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಹೇಳಿಕೊಟ್ಟಳು. ಒತ್ತಕ್ಷರಕ್ಕೆ ಎಫ್ ಕೀಲಿ; ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ 'ಕನ್ನಡ'. ಡ ಯಾಕಮ್ಮ ಡಬ್ಲ್ಯುನಲ್ಲಿ ಎಂದು ರೇಗಿದರೆ, 'ಡಿಯಲ್ಲಿ ದ ಕೂತಿದೆ ಸಾರ್, ಅದನ್ನ ಎಬ್ಬಿಸಕ್ಕಾಗತ್ತಾ' ಅಂದಳು. ಕಿರಿಯರಿಂದ ಕಲಿತರೆ ನಾವು 'ಭೇಷ್' ಎಂದು ಬೆನ್ನು ತಟ್ಟಿ ಕೈತೊಳೆದುಕೊಳ್ಳುತ್ತೇವೆ. ಅದು ಕೃತಜ್ಞತೆಯಲ್ಲ, ಪ್ರಮಾಣಪತ್ರ. ಅವಳ ಕಾಗದವನ್ನು ಟೈಪ್ ಮಾಡಿದೆ. ಉಳಿದವೆಲ್ಲ ಕೈಬರಹ.

ಹಬ್ಬಕ್ಕೋ ಶಿಕ್ಷಕರ ದಿನಕ್ಕೋ ಕಾದು ಕಳಿಸಲಿಲ್ಲ; ಶುಭಾಶಯಗಳ ರಾಶಿಯಲ್ಲಿ ಕಳೆದುಹೋಗುತ್ತದೆ. ಉತ್ತರ ಬರೆಯುವ ತೊಂದರೆ ಬೇಡ ಎಂದೂ ಸೇರಿಸಿದೆ.

ಕಷ್ಟವಾದದ್ದು ಒಬ್ಬರ ವಿಷಯದಲ್ಲಿ. 'ಕ್ರಮ ಕೈಗೊಳ್ಳಲಾಗುವುದು' ಎಂದು ಬಂದಲ್ಲೆಲ್ಲ ಕೈಗೊಳ್ಳುವವರು ಯಾರು ಎಂದು ಹುಡುಕಿ ಬರೆಯುವುದನ್ನು ಕಲಿಸಿದವರು ಅವರು. ಕಲಿಸಿದ ರೀತಿ ಮಾತ್ರ, ಕಾಪಿಯನ್ನು ಎಲ್ಲರೆದುರು ಹರಿದು ಬುಟ್ಟಿಗೆ ಹಾಕಿ. ಹೊಸಬರು ಅಳುವುದನ್ನು ನೋಡಿದ್ದೇನೆ. ಬೈಗುಳವೇ ಪ್ರಸಾದ ಎನ್ನುವ ಶಿಷ್ಯಭಾವ ನನಗೆ ಹಿಡಿಸುವುದಿಲ್ಲ. ಕಲಿತದ್ದಷ್ಟನ್ನೇ ಬರೆದು ಸಹಿ ಮಾಡಿದೆ. ಹರಿದದ್ದನ್ನು ಮರೆತಿದ್ದೇನೆ ಎಂದು ಬರೆಯಲಿಲ್ಲ, ಮರೆತಿಲ್ಲ.

ತಮಾಷೆಯಾದದ್ದೂ ಉಂಟು. 2006ರ ಏಪ್ರಿಲ್ 12, ರಾಜ್‌ಕುಮಾರ್ ತೀರಿಕೊಂಡ ದಿನ, ಊರಲ್ಲಿ ಗಲಾಟೆ. ಆ ರಾತ್ರಿ ಪಾಳಿಯ ಹೆಣ್ಣುಮಕ್ಕಳನ್ನು ಒಳದಾರಿಗಳಲ್ಲಿ ಸ್ಕೂಟರಿನಲ್ಲಿ ಮನೆ ಸೇರಿಸಿ, ಮತ್ತೆ ಬಂದು ಪುಟ ಮುಗಿಸಿದ್ದಕ್ಕೆ ಒಬ್ಬರಿಗೆ ಬರೆದಿದ್ದೆ. 'ಅದು ನಾನಲ್ಲ ಮಾರಾಯ, ಪುಟವಿನ್ಯಾಸದವನು' ಎಂದು ಉತ್ತರ ಬಂತು. ಅವನನ್ನು ಕೇಳಿದರೆ, 'ಇಲ್ಲಪ್ಪ, ಅವರೇ' ಎಂದ. ಅದೇ ಕಾಗದವನ್ನು ಹೆಸರು ಬದಲಿಸಿ ಅವನಿಗೂ ಕಳಿಸಿದೆ.