ಕಸೂತಿಯಲ್ಲಿ ಎಣಿಕೆ ತಪ್ಪಿದರೆ: ಎಲ್ಲಿಂದ ಬಿಚ್ಚಬೇಕು, ಎಲ್ಲಿ ಬಿಡಬೇಕು

ಇಳಕಲ್ ಸೀರೆಯ ಸೆರಗಿಗೆ ಗೋಪುರ ಹಾಕುತ್ತಿದ್ದೀರಿ. ಬುಡದ ಗೆರೆ ಮುಗಿದಿದೆ, ಎರಡೂ ಬದಿಯ ಮೆಟ್ಟಿಲು ಏರಿ ಬಂದಿವೆ, ಇನ್ನೇನು ಕಳಸದಲ್ಲಿ ಕೂಡಬೇಕು ಅನ್ನುವಾಗ ಒಂದೆಳೆ ಅಂತರ ಉಳಿಯುತ್ತದೆ. ಆಗ ಕೈ ತಾನಾಗಿ ಕತ್ತರಿಗೆ ಹೋಗುತ್ತದೆ. ಕತ್ತರಿ ಕೆಳಗಿಡಿ. ಬಟ್ಟೆಯ ಎಳೆ ಎಣಿಸಿ ಹಾಕುವ ಕಸೂತಿಯಲ್ಲಿ ತಪ್ಪು ಕಂಡ ಜಾಗ ಒಂದು, ತಪ್ಪು ಆದ ಜಾಗ ಇನ್ನೊಂದು. ಆದ ಜಾಗ ಸಿಕ್ಕರೆ ಬಿಚ್ಚಬೇಕಾದ ಹೊಲಿಗೆ ಎಷ್ಟೋ ಕಡಿಮೆಯಾಗುತ್ತದೆ. ಕೆಲವು ಸಲ ಒಂದನ್ನೂ ಬಿಚ್ಚಬೇಕಿಲ್ಲ.

ಕೈಯಲ್ಲಿ ಇರಬೇಕಾದದ್ದು ಇಷ್ಟೇ: ಮೊಂಡು ತುದಿಯ 24 ಅಥವಾ 26ನೇ ನಂಬರಿನ ಎರಡು ಸೂಜಿ, ಚೂಪು ತುದಿಯ ಚಿಕ್ಕ ಕತ್ತರಿ, ಒಂದು ಚಿಮಟ, ಬಟ್ಟೆಗೆ ವಿರುದ್ಧ ಬಣ್ಣದ ಹೊಲಿಗೆ ದಾರ, ಮತ್ತು ಒಳ್ಳೆಯ ಬೆಳಕು. ರೇಷ್ಮೆಯ ನೇಯ್ಗೆ ತೀರಾ ಒತ್ತಾಗಿದ್ದು ಮೊಂಡು ಸೂಜಿ ಇಳಿಯದಿದ್ದರೆ ಚೂಪು ತುದಿಯ 10ನೇ ನಂಬರಿನ ಸಣ್ಣ ಸೂಜಿ ಬೇಕಾಗುತ್ತದೆ. ಕಪ್ಪು ಚಂದ್ರಕಾಳಿ ಸೀರೆಯಾದರೆ ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಕೂತುಕೊಳ್ಳಿ. ಎಳೆಗಳ ನಡುವಿನ ಸಂದಿಯಲ್ಲಿ ಬಿಳುಪು ಕಾಣುವುದರಿಂದ ಎಣಿಸುವುದು ಸುಲಭವಾಗುತ್ತದೆ.

ತಪ್ಪು ಹುಟ್ಟಿದ ಜಾಗ ಹುಡುಕುವುದು

ಗೋಪುರ, ತೇರು, ತುಳಸಿಕಟ್ಟೆ ಇವೆಲ್ಲ ಎಡಬಲ ಸಮ ಇರುವ ಚಿತ್ತಾರಗಳು. ಬಟ್ಟೆಯನ್ನು ಚಿತ್ತಾರದ ನಡುಗೆರೆಗೆ ಸರಿಯಾಗಿ ಮಡಚಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಬುಡದಿಂದ ಮೇಲಕ್ಕೆ ನೋಡುತ್ತಾ ಹೋದರೆ ಎರಡು ಬದಿಯ ಗೆರೆಗಳು ಒಂದರ ಮೇಲೊಂದು ಕೂತಿರುತ್ತವೆ. ಎಲ್ಲಿ ಮೊದಲ ಸಲ ಎರಡಾಗಿ ಕಾಣುತ್ತವೋ ಅಲ್ಲಿ ಎಡದ್ದೋ ಬಲದ್ದೋ ಒಂದು ಹೊಲಿಗೆ ತಪ್ಪಿದೆ. ಅಲ್ಲಿ ಮಾತ್ರ ಎಳೆ ಎಣಿಸಿ. 4 ಎಳೆಗೆ ಒಂದು ಹೊಲಿಗೆ ಹಾಕುತ್ತಿದ್ದರೆ ಯಾವುದೋ ಒಂದು 3 ಅಥವಾ 5 ಎಳೆಯದಾಗಿರುತ್ತದೆ. ಅಂಟಿಕೊಂಡ ಎರಡು ಎಳೆಯನ್ನು ಒಂದೆಂದು ಎಣಿಸಿದ್ದು, ಇಲ್ಲವೇ ನಡುವೆ ಬಂದ ಒಂದು ದಪ್ಪ ಎಳೆಯನ್ನು ಎರಡೆಂದು ಎಣಿಸಿದ್ದು ಸಾಮಾನ್ಯ ಕಾರಣ.

ಬಟ್ಟೆಯ ಗುಣವನ್ನು ನಿಮ್ಮ ತಪ್ಪು ಎಂದುಕೊಳ್ಳಬೇಡಿ. ಕೈಮಗ್ಗದ ಬಟ್ಟೆಯಲ್ಲಿ ಹಾಸಿನ ಎಳೆ, ಹೊಕ್ಕಿನ ಎಳೆ ಇಂಚಿಗೆ ಒಂದೇ ಲೆಕ್ಕ ಇರುವುದು ಅಪರೂಪ. ಎರಡೂ ಕಡೆ 4 ಎಳೆ ಎಣಿಸಿ ಹಾಕಿದ ಚೌಕ ಸ್ವಲ್ಪ ಉದ್ದವಾಗಿ ಕಂಡರೆ ಎಣಿಕೆ ಸರಿಯೇ ಇದೆ. ಇಳಕಲ್ ಸೀರೆಯಲ್ಲಿ ಇನ್ನೊಂದು ಸಂಗತಿ ಇದೆ. ಒಡಲಿನ ಹಾಸು ಹತ್ತಿಯದ್ದಾಗಿದ್ದರೂ ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಕುಣಿಕೆ ಹಾಕಿ ಕೂಡಿಸಿರುತ್ತಾರೆ, ಅದೇ ಟೋಪಿ ತೆನಿ. ಆ ಕೂಡಿದ ಗೆರೆ ದಾಟಿದ ಮೇಲೆ ಎಳೆಯ ದಪ್ಪವೂ ಒತ್ತೂ ಬದಲಾಗಬಹುದು. ಒಂದೇ ಚಿತ್ತಾರವನ್ನು ಆ ಗೆರೆಯ ಎರಡೂ ಕಡೆಗೆ ಹಾಯಿಸಿದ್ದರೆ ಎಷ್ಟು ಬಿಚ್ಚಿ ಹಾಕಿದರೂ ಕೂಡಲಿಕ್ಕಿಲ್ಲ. ಚಿತ್ತಾರವನ್ನೇ ಸೆರಗಿನ ಕಡೆಗೆ ಸರಿಸಬೇಕು.

ಬಿಚ್ಚಬೇಕೋ ಬೇಡವೋ ಎಂಬುದು ಆ ಗೆರೆ ಮುಂದೆ ಯಾವುದಕ್ಕಾದರೂ ಕೂಡುತ್ತದೆಯೇ ಎಂಬುದರ ಮೇಲೆ ನಿಂತಿದೆ. ನವಿಲಿನ ಗರಿಯ ತುದಿಯಲ್ಲಿ ಒಂದೆಳೆ ಹೆಚ್ಚಾಗಿದ್ದರೆ ಬಿಟ್ಟುಬಿಡಿ, ಅದು ಅಲ್ಲಿಗೇ ಮುಗಿಯುವ ಗೆರೆ. ದಡಿಯ ಉದ್ದಕ್ಕೂ ಹೋಗುವ ಸಾಲಿನಲ್ಲಿ ಮಾತ್ರ ಒಂದೆಳೆಯನ್ನೂ ಬಿಡಬೇಡಿ. 48 ಎಳೆಗೊಂದು ಮಾದರಿ ಇದ್ದು ಪ್ರತಿ ಮಾದರಿಯಲ್ಲೂ ಒಂದೆಳೆ ಹೆಚ್ಚುತ್ತಾ ಹೋದರೆ 20ನೇ ಮಾದರಿಯ ಹೊತ್ತಿಗೆ 20 ಎಳೆ ಸರಿದಿರುತ್ತದೆ. ಇಂಚಿಗೆ 40 ಎಳೆಯ ಬಟ್ಟೆಯಲ್ಲಿ ಅದು ಅರ್ಧ ಇಂಚು. ಶುರು ಮಾಡುವ ಮೊದಲೇ 40 ಎಳೆಗೊಮ್ಮೆ ವಿರುದ್ಧ ಬಣ್ಣದ ಹೊಲಿಗೆ ದಾರದಿಂದ ಸಡಿಲವಾದ ಕಚ್ಚಾ ಹೊಲಿಗೆ ಹಾಕಿಟ್ಟರೆ, ತಪ್ಪು ಒಂದು ಅಂಕಣ ದಾಟುವ ಮೊದಲೇ ಸಿಕ್ಕಿಬೀಳುತ್ತದೆ.

ಗವಂತಿ, ಮುರಗಿ: ದಾರಿಯ ತಪ್ಪುಗಳು

ಇವೆರಡೂ ಹೋಗಿಬರುವ ಹೊಲಿಗೆಗಳು. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಬರುವಾಗ ಬಿಟ್ಟ ಸಂದಿಗಳು ತುಂಬುತ್ತವೆ. ಹಾಗಾಗಿ ಮುಂಬದಿ, ಹಿಂಬದಿ ಒಂದೇ ಥರ ಕಾಣಬೇಕು. ಗವಂತಿಯಲ್ಲಿ ನೇರ ಮತ್ತು ಓರೆ ಗೆರೆ ಬರುತ್ತವೆ, ಮುರಗಿ ಮೆಟ್ಟಿಲು ಮೆಟ್ಟಿಲಾಗಿ ತಿರುಗುತ್ತಾ ಹೋಗುತ್ತದೆ. ಎರಡರಲ್ಲೂ ಎಣಿಕೆಗಿಂತ ದಾರಿ ತಪ್ಪಿಸಿಕೊಳ್ಳುವವರೇ ಹೆಚ್ಚು.

ಹೋಗುವಾಗ ಒಂದು ಕವಲು ಮರೆತಿರಿ ಎನ್ನೋಣ, ತೇರಿನ ಪಕ್ಕದ ಬಾವುಟ ಹಾಕಲೇ ಇಲ್ಲ. ಬಿಚ್ಚಬೇಡಿ. ಹಿಂದಿರುಗಿ ಬರುವಾಗ ಆ ಕವಲಿನ ಬುಡ ಸಿಕ್ಕಾಗ ತಿರುಗಿ, ತುದಿಯವರೆಗೆ ಹೋಗಿ, ಅದೇ ದಾರಿಯಲ್ಲಿ ಬುಡಕ್ಕೆ ಬಂದು ಮುಂದುವರಿಯಿರಿ. ಕವಲಿನಲ್ಲಿ ಎಷ್ಟು ಹೊಲಿಗೆ ಇದ್ದರೂ ಹೋಗಿಬಂದ ಲೆಕ್ಕ ಯಾವಾಗಲೂ ಸಮಸಂಖ್ಯೆ. ಆದ್ದರಿಂದ ಮೇಲೆ ಬರಬೇಕಾದ ಹೊಲಿಗೆ ಮೇಲೇ ಬರುತ್ತದೆ, ಮೂಲ ಗೆರೆಯ ಸರದಿ ಕೆಡುವುದಿಲ್ಲ. ಬರುವಾಗಲೂ ಮರೆತಿದ್ದರೆ ಕವಲಿನ ಬುಡದಿಂದ ಬೇರೆ ದಾರ ಹಿಡಿದು ಹೋಗಿಬನ್ನಿ.

ಮುಚ್ಚಿದ ಚೌಕದ ಕಥೆಯೇ ಬೇರೆ. 8 ಹೊಲಿಗೆಯ ಒಂದು ಚೌಕವನ್ನು ಸುತ್ತಿ ಶುರುವಿನ ಜಾಗಕ್ಕೆ ಬಂದಿರಿ. ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹೋದರೆ ಎಲ್ಲ ಹೊಲಿಗೆಯೂ ಮೊದಲಿನವುಗಳ ಮೇಲೆಯೇ ಬೀಳುತ್ತವೆ, ಸಂದಿ ಹಾಗೇ ಉಳಿಯುತ್ತದೆ. 8 ಸಮಸಂಖ್ಯೆಯಾದ್ದರಿಂದ ಹೀಗೆ. 7 ಇದ್ದಿದ್ದರೆ ಸಂದಿ ತುಂಬುತ್ತಿತ್ತು. ಸಂದಿ ತುಂಬದೆ ದಪ್ಪ ಗೆರೆ ಕಾಣಿಸಿತೆಂದರೆ ಕಾರಣ ಇದೇ. ಎರಡನೇ ಸುತ್ತನ್ನಷ್ಟೇ ಬಿಚ್ಚಿ, ಸುತ್ತು ಮುಚ್ಚಿದ ಜಾಗದಿಂದ ತಿರುಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ಹೀಗೆ ಬಂದರೆ ಸಮ, ಬೆಸ ಯಾವ ಸಂಖ್ಯೆಯಿದ್ದರೂ ತಪ್ಪುವುದಿಲ್ಲ.

ಎಣಿಕೆ ಸರಿ, ದಾರಿಯೂ ಸರಿ, ಆದರೂ ಗೆರೆ ಕುಲುಕಿದಂತೆ ಕಾಣುತ್ತದೆಯೇ? ಹಿಂದಿರುಗುವಾಗ ಸೂಜಿ ಒಮ್ಮೆ ಹಳೆಯ ಹೊಲಿಗೆಯ ಮೇಲ್ಮಗ್ಗುಲಿಂದ, ಒಮ್ಮೆ ಕೆಳಮಗ್ಗುಲಿಂದ ಎದ್ದಿದೆ. ತೂತು ಅದೇ ಇದ್ದರೂ ಮಗ್ಗುಲು ಮುಖ್ಯ. ಏಳುವಾಗ ಹಳೆಯ ಹೊಲಿಗೆಯ ಮೇಲ್ಮಗ್ಗುಲು, ಇಳಿಯುವಾಗ ಕೆಳಮಗ್ಗುಲು ಎಂದು ಒಂದು ಕ್ರಮ ಇಟ್ಟುಕೊಂಡು ಕೊನೆಯವರೆಗೂ ಅದನ್ನೇ ನಡೆಸಿ. ಈಗಾಗಲೇ ಕುಲುಕಿದ ಸಾಲಿನಲ್ಲಿ ಹಿಂದಿರುಗಿದ ದಾರವನ್ನು ಮಾತ್ರ ತೆಗೆದರೆ ಸಾಕು.

ಬಿಚ್ಚುವ ಕ್ರಮ

ಸೂಜಿಯನ್ನು ಬಂದ ತೂತಿನಲ್ಲೇ ಹಿಂದಕ್ಕೆ ತೂರಿಸಿ ಬಿಚ್ಚುವ ಅಭ್ಯಾಸ ಬೇಡ. ಅದು ಒಂದು ಹೊಲಿಗೆಗೆ ನಡೆಯುತ್ತದೆ, ಎರಡನೆಯದಕ್ಕೆ ಸೂಜಿ ದಾರವನ್ನು ಸೀಳುತ್ತದೆ. ಸೂಜಿಯಿಂದ ದಾರ ಕಳಚಿ. ಇನ್ನೊಂದು ಸೂಜಿಯ ಕಣ್ಣಿನ ತುದಿಯಿಂದ ಕೊನೆಯ ಹೊಲಿಗೆಯನ್ನು ಎತ್ತಿ ಎಳೆಯಿರಿ, ಬಟ್ಟೆ ತಿರುವಿ, ಹಿಂದಿನದನ್ನು ಎತ್ತಿ. ಎಳೆದಾಗ ಬಟ್ಟೆ ನೆರಿಗೆಗಟ್ಟಿ ದಾರ ಬಾರದಿದ್ದರೆ, ಹಿಂದಿರುಗುವಾಗ ಹಾಕಿದ ದಾರ ಮೊದಲಿನದನ್ನು ಸೀಳಿಕೊಂಡು ಹೋಗಿದೆ. ಬಲ ಹಾಕಬೇಡಿ. ಸಿಕ್ಕಿಕೊಂಡ ಜಾಗದ ಎರಡೂ ಪಕ್ಕ ಕತ್ತರಿಸಿ, ತುಣುಕುಗಳನ್ನು ಚಿಮಟದಿಂದ ತೆಗೆಯಿರಿ. ಸರಿ ಇರುವ ಹೊಲಿಗೆಯ ಕಡೆ ಕನಿಷ್ಠ 2 ಇಂಚು ತುದಿ ಉಳಿಯುವಷ್ಟು ಬಿಚ್ಚಿದರೆ ಅದನ್ನು ಒಳಗೆ ಮುಚ್ಚಬಹುದು.

ಬಿಚ್ಚಿದ ದಾರ ಗುಂಗುರಾಗಿ ಎಳೆ ಎದ್ದಿರುತ್ತದೆ. ಐದಾರು ಹೊಲಿಗೆಗಿಂತ ಹೆಚ್ಚು ಬಿಚ್ಚಿದ್ದರೆ ಹೊಸ ದಾರ ಹಿಡಿಯಿರಿ. ಒಂದು ಮೊಳಕ್ಕಿಂತ ಉದ್ದ ಬೇಡ, ಅಂದರೆ ಸುಮಾರು 18 ಇಂಚು. ಉದ್ದ ದಾರ ಬಟ್ಟೆಯಲ್ಲಿ ಹತ್ತಾರು ಸಲ ತೂರಿ ಸವೆದು ಮಂಕಾಗುತ್ತದೆ, ರಿಪೇರಿ ಮಾಡಿದ ಜಾಗ ಬಣ್ಣದಲ್ಲೇ ಎದ್ದು ಕಾಣುತ್ತದೆ.

ಗಂಟು ಹಾಕಿ ಶುರು ಮಾಡಿಬಿಟ್ಟಿದ್ದರೆ ಅದೂ ಸರಿಯಾಗುತ್ತದೆ. ಎರಡೂ ಬದಿ ಒಂದೇ ಥರ ಕಾಣಬೇಕಾದ ಕೆಲಸದಲ್ಲಿ ಗಂಟಿಗೆ ಜಾಗವಿಲ್ಲ. ಗಂಟನ್ನು ಎತ್ತಿ ಕತ್ತರಿಸಿ. ಉಳಿದ ಗಿಡ್ಡ ತುದಿ ಸೂಜಿಗೆ ಪೋಣಿಸುವಷ್ಟು ಇರುವುದಿಲ್ಲ. ಅದಕ್ಕೆ ಬರಿ ಸೂಜಿಯನ್ನು ಮೊದಲು ಪಕ್ಕದ ನಾಲ್ಕೈದು ಹೊಲಿಗೆಗಳ ಅಡಿಯಲ್ಲಿ ತೂರಿಸಿ, ಕಣ್ಣು ಗಿಡ್ಡ ತುದಿಯ ಪಕ್ಕಕ್ಕೆ ಬಂದಾಗ ದಾರ ಪೋಣಿಸಿ ಎಳೆಯಿರಿ. ತುದಿ ಕಾಲಿಂಚೂ ಇಲ್ಲದಿದ್ದರೆ ಎರಡು ಹೊಲಿಗೆ ಬಿಚ್ಚಿ ಉದ್ದ ಮಾಡಿಕೊಳ್ಳಿ.

ನೇಯ್ಗಿ, ಮೆಂತಿ

ನೇಯ್ಗಿಯಲ್ಲಿ ಸಾಲು ಸಾಲಾಗಿ ನೇಯ್ದಂತೆ ತುಂಬುವುದರಿಂದ ನಡುವಿನ ಒಂದು ಸಾಲು ತಪ್ಪಿದರೆ ಅದೊಂದನ್ನೇ ತೆಗೆಯಬಹುದು. ಮೇಲಿನ ಸಾಲುಗಳನ್ನು ಮುಟ್ಟಬೇಕಿಲ್ಲ. ತಪ್ಪಿದ ಸಾಲನ್ನು ನಡುವೆ ಕತ್ತರಿಸಿ, ಅರ್ಧರ್ಧವನ್ನು ಎರಡು ತುದಿಗಳ ಕಡೆಗೆ ಬಿಚ್ಚಿಕೊಂಡು ಹೋಗಿ. ಆ ಎರಡು ತುಂಡನ್ನು ಪಕ್ಕದ ಸಾಲಿನ ಹೊಲಿಗೆಗಳ ಅಡಿ ಒಂದಿಂಚು ತೂರಿಸಿ ಕತ್ತರಿಸಿ. ಖಾಲಿಯಾದ ಸಾಲಿಗೆ ಹೊಸ ದಾರ ಹಾಯಿಸಿ. ಇಲ್ಲಿ ಹಿಂಬದಿ ಬೇರೆ ಥರ ಕಾಣುವುದು ಸಹಜ. ಮೆಂತಿ ಅಂದರೆ ಗುಣಾಕಾರ ಚಿಹ್ನೆಯಂಥ ಹೊಲಿಗೆ. ಅದರಲ್ಲಿ ನೋಡಬೇಕಾದದ್ದು ಒಂದೇ: ಎಲ್ಲ ಗುಣಾಕಾರ ಚಿಹ್ನೆಗಳ ಮೇಲಿನ ಕಾಲು ಒಂದೇ ಕಡೆ ವಾಲಿರಬೇಕು. ವಾಲದ್ದನ್ನು ಬಿಚ್ಚಿಯೇ ಹಾಕಿ. ಮೇಲೊಂದು ಮೂರನೇ ಕಾಲು ಎಳೆದು ಮುಚ್ಚಿದರೆ ಅದೊಂದು ಕಾಳು ಮಾತ್ರ ಉಬ್ಬಿ ನಿಲ್ಲುತ್ತದೆ.

ಬಟ್ಟೆಗೇ ಪೆಟ್ಟಾದರೆ

ಬಿಚ್ಚಿದ ಮೇಲೆ ಉಳಿದ ತೂತುಗಳನ್ನು ಸೂಜಿಯ ಕಣ್ಣಿನ ತುದಿಯಿಂದ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಕೆರೆದರೆ ಎಳೆಗಳು ಸರಿದು ಕೂಡುತ್ತವೆ. ಹತ್ತಿಯಲ್ಲಿ ಉಳಿದದ್ದು ಒಗೆದಾಗ ಮುಚ್ಚುತ್ತದೆ, ರೇಷ್ಮೆಯಲ್ಲಿ ಗುರುತು ಬಹಳ ದಿನ ಉಳಿಯುತ್ತದೆ. ಅದಕ್ಕೇ ರೇಷ್ಮೆಯ ಮೇಲೆ ಎರಡು ಸಲ ಎಣಿಸಿ ಒಂದು ಸಲ ಚುಚ್ಚಬೇಕು. ತಿಳಿ ಬಟ್ಟೆಯ ಮೇಲೆ ಕಪ್ಪು ದಾರದ ಜುಂಗು ಉಳಿದಿದ್ದರೆ ಅಂಟುಪಟ್ಟಿಯನ್ನು ಒತ್ತಿ ಎತ್ತಿ, ಉಜ್ಜಬೇಡಿ.

ಕತ್ತರಿ ತಾಗಿ ಬಟ್ಟೆಯ ಎಳೆಯೇ ತುಂಡಾದರೆ ಸೀರೆಯ ಒಳತುದಿಯಿಂದ ಅದೇ ಬಣ್ಣದ ಒಂದು ಎಳೆ ಬಿಡಿಸಿಕೊಳ್ಳಿ. ಅದನ್ನು ಸಣ್ಣ ಸೂಜಿಗೆ ಪೋಣಿಸಿ, ತುಂಡಾದ ಜಾಗದ ಎರಡೂ ಕಡೆ ಒಂದೊಂದು ಇಂಚು ದೂರದಿಂದ, ಹಳೆಯ ಎಳೆ ಹೋದ ದಾರಿಯಲ್ಲೇ ಒಂದರ ಮೇಲೆ, ಒಂದರ ಕೆಳಗೆ ಹಾಯಿಸಿ. ತುದಿಗಳನ್ನು ಬಿಗಿಯಬೇಡಿ. ಆಮೇಲೆ ಅದರ ಮೇಲೆ ಎಣಿಸಿ ಹೊಲಿಗೆ ಹಾಕಬಹುದು.

ಎಳೆ ಎಣಿಸಲಾಗದ ಬಟ್ಟೆಯ ಮೇಲೆ ಕ್ಯಾನ್ವಾಸ್ (ಗಂಜಿ ಹಾಕಿದ ತೂತುತೂತಿನ ಬಟ್ಟೆ, ಹೊಲಿಗೆ ಮುಗಿದ ಮೇಲೆ ಎಳೆ ಎಳೆಯಾಗಿ ತೆಗೆಯುವಂಥದ್ದು) ಇಟ್ಟು ಹಾಕಿದ್ದರೆ ಕೊನೆಯಲ್ಲಿ ಅದರ ಎಳೆಗಳು ಬಾರದೆ ಹಟ ಹಿಡಿಯುತ್ತವೆ. ಸೂಜಿ ಕ್ಯಾನ್ವಾಸಿನ ತೂತಿನಲ್ಲಿ ಇಳಿಯದೆ ಎಳೆಯನ್ನೇ ಚುಚ್ಚಿಕೊಂಡು ಹೋಗಿದ್ದರಿಂದ ಹೀಗಾಗುತ್ತದೆ. ಸಿಕ್ಕಿದ ಎಳೆಯನ್ನು ಹೊಲಿಗೆಯ ಎರಡೂ ಪಕ್ಕ ಕತ್ತರಿಸಿ ಗಿಡ್ಡ ಮಾಡಿ, ಚಿಮಟದಿಂದ ಬಟ್ಟೆಗೆ ಸಮನಾಗಿ ಎಳೆಯಿರಿ. ಮೇಲಕ್ಕೆ ಎಳೆದರೆ ಹೊಲಿಗೆಯೂ ಏಳುತ್ತದೆ. ಹತ್ತಿ ಬಟ್ಟೆಯಾಗಿದ್ದು ದಾರ ಬಣ್ಣ ಬಿಡದ್ದಾದರೆ ಕ್ಯಾನ್ವಾಸಿಗೆ ಸ್ವಲ್ಪ ನೀರು ಒತ್ತಿ, ಗಂಜಿ ಮೆತ್ತಗಾಗಿ ಎಳೆ ಸಲೀಸಾಗಿ ಬರುತ್ತದೆ. ಬಣ್ಣ ಬಿಡುತ್ತದೋ ಎಂದು ತಿಳಿಯಲು ಒಂದು ತುಂಡು ದಾರವನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಹಿಂಡಿ ನೋಡಿ. ಕೆಂಪು ದಾರವನ್ನಂತೂ ಕೆಲಸ ಶುರು ಮಾಡುವ ಮೊದಲೇ ನೋಡಬೇಕು.

ಬಿಗಿಯಾಗಿ ಎಳೆದು ಬಟ್ಟೆ ಸುಕ್ಕಾಗಿದ್ದರೆ ಮೊದಲ ಹೊಲಿಗೆಯಿಂದ ಒಂದೊಂದನ್ನೇ ಸೂಜಿಯ ಕಣ್ಣಿನಿಂದ ಎತ್ತಿ, ದಾರದ ಇನ್ನೂ ಮುಚ್ಚದ ತುದಿಯಿಂದ ಸಡಿಲು ತಂದುಕೊಳ್ಳಿ. ತುದಿ ಮುಚ್ಚಿದ್ದರೆ ಅದನ್ನು ಮೊದಲು ಬಿಡಿಸಬೇಕು. ಆಮೇಲೆ ದಪ್ಪ ಟವೆಲ್ಲಿನ ಮೇಲೆ ಮಗುಚಿ ಹಾಸಿ, ತೆಳು ಬಟ್ಟೆ ಮುಚ್ಚಿ, ಹಿಂಬದಿಯಿಂದ ಇಸ್ತ್ರಿ ಒತ್ತಿ ಎತ್ತಿ. ರೇಷ್ಮೆಯಾದರೆ ಕಾವು ಕಡಿಮೆ ಇರಲಿ, ನೀರು ಚಿಮುಕಿಸಬೇಡಿ, ಹನಿಯ ಕಲೆ ನಿಲ್ಲುತ್ತದೆ.