ಹಾಸುಬಂಡೆಯ ಮೆಟ್ಟಿಲುಗಳಿರುವ ಹೊಳೆಯಲ್ಲಿ ಕಯಾಕ್ ಇಳಿಸುವುದು ಹೇಗೆ

ಗುಂಡುಕಲ್ಲಿನ ಹೊಳೆಯಲ್ಲಿ ಅಡ್ಡಿ ದೂರದಿಂದಲೇ ಕಾಣುತ್ತದೆ. ಹಾಸುಬಂಡೆಯ ಹೊಳೆ ಹಾಗಲ್ಲ. ನೀರು ಸಪಾಟಾಗಿ ಬಂದು ಬಂಡೆಯ ಅಂಚಿನಿಂದ, ಅಂದರೆ ಮೆಟ್ಟಿಲಿನಿಂದ, ತಟ್ಟನೆ ಕೆಳಕ್ಕೆ ಬೀಳುತ್ತದೆ. ಕಯಾಕ್‌ನಲ್ಲಿ, ಅಂದರೆ ಪ್ಯಾಡಲ್ ಎಂಬ ಹುಟ್ಟಿನಿಂದ ನಡೆಸುವ ಕಿರುದೋಣಿಯಲ್ಲಿ, ಕೂತವರಿಗೆ ಕಾಣುವುದು ಅಡ್ಡಕ್ಕೆ ಎಳೆದಂಥ ಒಂದು ಗೆರೆ ಮಾತ್ರ. ಗೆರೆಯಾಚೆ ಮರಗಳ ಬುಡ ಕಾಣದೆ ಬರೀ ತುದಿ ಕಂಡರೆ ದಡಕ್ಕೆ ಬನ್ನಿ, ಇಳಿದು ನಡೆದು ನೋಡಿ.

ನಾನು ಹೇಳುತ್ತಿರುವುದು 2 ಮತ್ತು 3ನೇ ದರ್ಜೆಯ ಹೊಳೆಗಳ ಮಾತು. ಹೊಳೆ ಎಷ್ಟು ಕಷ್ಟ ಅನ್ನುವುದನ್ನು ಹೇಳುವ ದರ್ಜೆಗಳು ಒಟ್ಟು 6; 1 ಅತಿ ಸುಲಭ, 6 ಅತಿ ಕಷ್ಟ. ಕಯಾಕ್ ಮಗುಚಿದರೆ ಹೊರಗೆ ಬರುವುದು, ಬಂಡೆಯ ಹಿಂದಿನ ತಿರುಗುನೀರಿಗೆ ನುಗ್ಗಿ ನಿಲ್ಲುವುದು ನಿಮಗೆ ಆಗಲೇ ಗೊತ್ತಿರಬೇಕು. ಹೆಲ್ಮೆಟ್, ಲೈಫ್ ಜಾಕೆಟ್ ಬಗ್ಗೆ ಚರ್ಚೆಯೇ ಬೇಡ.

ಹೊಸಬರು ಮೆಟ್ಟಿಲು ಎಷ್ಟು ಎತ್ತರ ಅಂತ ನೋಡುತ್ತಾರೆ. ನಾನು ಮೊದಲು ನೋಡುವುದು ಬಿದ್ದ ನೀರು ಏನು ಮಾಡುತ್ತದೆ ಅನ್ನುವುದನ್ನು. ಮೆಟ್ಟಿಲಿನ ಕೆಳಗೆ ಹೋಗಿ ನಿಂತು ಮೇಲಕ್ಕೆ ನೋಡಿ. ನೊರೆ ಹಿಂದಕ್ಕೆ, ಮೆಟ್ಟಿಲಿನ ಬುಡಕ್ಕೇ ವಾಪಸ್ ಬರುತ್ತಿರುತ್ತದೆ. ಸ್ವಲ್ಪ ಮುಂದೆ ನೀರು ಉಬ್ಬಿ ಎರಡು ಪಾಲಾಗುತ್ತದೆ: ಒಂದು ಪಾಲು ಹಿಂದಕ್ಕೆ, ಒಂದು ಮುಂದಕ್ಕೆ. ಆ ಉಬ್ಬು ಬುಡದಿಂದ ದೂರವಿದ್ದಷ್ಟೂ ಹಿಡಿತ ಜಾಸ್ತಿ. ಒಂದು ಒಣಕಡ್ಡಿ ಎಸೆದು ನೋಡಿ. ಅದು ಅಲ್ಲೇ ಮುಳುಗಿ ಎದ್ದು, ಮುಳುಗಿ ಎದ್ದು ಮಾಡುತ್ತಿದ್ದರೆ ನಿಮ್ಮನ್ನೂ ಹಾಗೇ ಇಟ್ಟುಕೊಳ್ಳುತ್ತದೆ. ನೊರೆಯ ಎರಡು ತುದಿಗಳು ಹೊಳೆ ಹರಿಯುವ ಕಡೆಗೆ ಬಾಗಿದ್ದರೆ ಪಕ್ಕದಿಂದ ಜಾರಿ ಬರಬಹುದು. ಮೇಲ್ಗಡೆಗೆ ಬಾಗಿದ್ದರೆ ನೀರು ನಡುವಿಗೇ ಎಳೆಯುತ್ತದೆ. ದಡದಿಂದ ದಡಕ್ಕೆ ಒಂದೇ ಸಮ ಬೀಳುವ ಮೆಟ್ಟಿಲು ಗಿಡ್ಡವಾಗಿದ್ದರೂ ಅದನ್ನು ನಂಬಬೇಡಿ. ಕಯಾಕ್ ಹೆಗಲಿಗೇರಿಸಿ ನಡೆದುಬಿಡಿ.

ಬಂಡೆಗೆ ನೀರು ಬಡಿಯುವಲ್ಲಿ ಬಿಳಿ ದಿಂಬಿನಂತೆ ಉಬ್ಬಿದ್ದರೆ ಒಳ್ಳೆಯದು. ಉಬ್ಬೇ ಇಲ್ಲದೆ ಸದ್ದಿಲ್ಲದೆ ನುಗ್ಗುತ್ತಿದ್ದರೆ ಬಂಡೆಯ ಅಡಿ ಕೊರೆದಿರಬಹುದು. ಅದರಿಂದ ದೂರ ಇರಿ.

ದಾರಿ ಸಾಮಾನ್ಯವಾಗಿ ನುಣುಪಾದ, ಕಪ್ಪಗೆ ಕಾಣುವ ನೀರಿನ ನಾಲಿಗೆಯಲ್ಲಿರುತ್ತದೆ. ಅದರ ಚೂಪು ತುದಿ ಹರಿವಿನ ಕಡೆಗಿರಬೇಕು. ಚೂಪು ನಿಮ್ಮ ಕಡೆಗಿದ್ದರೆ ಅಲ್ಲಿ ಕಲ್ಲಿದೆ ಅಂತ ಅರ್ಥ.

ಈಗ ಇಳಿಯುವುದು. ಮೆಟ್ಟಿಲಿಗೆ ನೇರವಾಗಿ ಬನ್ನಿ, ಅಡ್ಡಡ್ಡ ಬೇಡ. ಕಯಾಕ್‌ನ ಮೂತಿ ಅಂಚು ದಾಟುತ್ತಿದ್ದಂತೆ ಪ್ಯಾಡಲನ್ನು ಅಂಚಿನ ನೀರಿನಲ್ಲಿ ಊರಿ ಸೊಂಟದ ತನಕ ಜೋರಾಗಿ ಎಳೆಯಿರಿ. ಅದೇ ಹೊತ್ತಿಗೆ ಮಂಡಿ ಮೇಲೆತ್ತಿ, ಮೈ ಮುಂದಕ್ಕೆ ಬಾಗಿಸಿ. ಈ ಒಂದು ಎಳೆತ ಮೂತಿಯನ್ನು ಮುಳುಗದಂತೆ ಎತ್ತಿ ಉಬ್ಬಿನ ಆಚೆ ತಲುಪಿಸುತ್ತದೆ. ಅಂಚಿಗೆ ಬರುವ ಮುಂಚೆಯೇ ಎಳೆದರೆ ಮೂತಿ ಮತ್ತೆ ಕುಸಿಯುತ್ತದೆ. ಬಿದ್ದ ತಕ್ಷಣ ಖುಷಿಗೆ ಕೈ ನಿಲ್ಲಿಸಬೇಡಿ, ಅಲ್ವಾ? ಉಬ್ಬು ದಾಟುವ ತನಕ ಹೊಡೆಯುತ್ತಲೇ ಇರಿ.

ನೊರೆಯಲ್ಲಿ ಅಡ್ಡ ಸಿಕ್ಕಿಕೊಂಡರೆ ಹೊಳೆ ಹರಿದುಹೋಗುವ ಕಡೆಗೆ ವಾಲಿ. ಬಂಡೆಗೆ ಅಡ್ಡ ತಗುಲಿದರೆ ಬಂಡೆಯನ್ನೇ ತಬ್ಬಿಕೊಳ್ಳುವಂತೆ ವಾಲಿ. ದೂರಕ್ಕೆ ವಾಲಿದರೆ ನೀರು ಕಯಾಕ್ ಮೇಲೇರಿ ಮಗುಚುತ್ತದೆ.

ನೀರಿಗೆ ಬಿದ್ದರೆ ಸೆಳವಿನಲ್ಲಿ ಎದ್ದು ನಿಲ್ಲಲು ಹೋಗಬೇಡಿ. ಹಾಸುಬಂಡೆಯ ತುಂಬ ಬಿರುಕು, ಕೊರಕಲು. ಕಾಲು ಸಿಕ್ಕಿತೆಂದರೆ ನೀರು ಮೈಯನ್ನು ಮಡಚಿ ಕೆಳಕ್ಕೆ ಒತ್ತುತ್ತದೆ. ಅಂಗಾತ ಮಲಗಿ, ಪಾದ ಮೇಲೆ, ಹೊಳೆ ಹರಿದುಹೋಗುವ ಕಡೆಗೆ. ಮೆಟ್ಟಿಲು ದಾಟುವಾಗ ಮಾತ್ರ ಮಂಡಿ ಎದೆಗೆ ಎಳೆದು ಮುದುಡಿಕೊಳ್ಳಿ. ಆಮೇಲೆ ಹೊರಳಿ, ದಡದ ನಿಂತ ನೀರಿಗೆ ಬಿರುಸಾಗಿ ಈಜಿ.

ಮೊದಲನೆಯವರು ಇಳಿಯುವ ಮುಂಚೆಯೇ ಒಬ್ಬರು, ಬಿದ್ದವರಿಗೆ ಎಸೆಯಲು, 15ರಿಂದ 20 ಮೀಟರ್ ಹಗ್ಗದ ಚೀಲ ಹಿಡಿದು ಕೆಳಗೆ ನಿಂತಿರಬೇಕು. ನೊರೆಯ ಪಕ್ಕದಲ್ಲಲ್ಲ, ಬಿದ್ದವರು ತೇಲಿ ಬರುವ ಜಾಗದಲ್ಲಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಕೆಳಗಿರುವವರು ಮೇಲಿರುವವರಿಗೆ ಸನ್ನೆ ಮಾಡುವುದು ಹೀಗೆ: ಪ್ಯಾಡಲ್ ನೆಟ್ಟಗೆ ಎತ್ತಿದರೆ ‘ಬನ್ನಿ’, ಅಡ್ಡ ಹಿಡಿದರೆ ‘ನಿಲ್ಲಿ’. ಪಕ್ಕಕ್ಕೆ ತೋರಿಸುವುದಾದರೆ ಹೋಗಬೇಕಾದ ಕಡೆಗೆ ಮಾತ್ರ ತೋರಿಸಿ. ಅಪಾಯದ ಕಡೆಗೆ ತೋರಿಸಿದರೆ ಮೇಲಿರುವವರು ಅದೇ ದಾರಿ ಅಂದುಕೊಂಡು ಅಲ್ಲಿಗೇ ಬರುತ್ತಾರೆ.