ಕಟ್ಟೆಗೆ ಹೋಗುವ ದಾರಿ ಬಚ್ಚಲಿನಿಂದ ಸುರು

ಹಿರಿಯರಿರುವ ಮನೆಗೆ ಹೋದಾಗ ನಾನು ಮೊದಲು ನೋಡುವುದು ಬಚ್ಚಲು, ಹೊಸ್ತಿಲು ಮತ್ತು ಮಂಚದ ಎತ್ತರ. ಒಂಟಿತನ ಬಹಳ ಸಲ ಅಲ್ಲಿಂದಲೇ ಸುರುವಾಗಿರುತ್ತದೆ. ಗುಡಿಕಟ್ಟೆಯ ಮೇಲೆ ಕೂತಾಗ ಒಂದಕ್ಕೆ ಅವಸರವಾದರೆ ಹೇಗೆ ಎಂಬ ಅಂಜಿಕೆಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬಾಗಲಕೋಟೆಯ ಬಿಸಿಲಿಗೆ ನೀರು ಕಡಿಮೆಯಾದರೆ ತಲೆ ತಿರುಗುತ್ತದೆ, ಉರಿಮೂತ್ರ ಸುರುವಾಗುತ್ತದೆ. ಒಮ್ಮೆ ಜೋಲಿ ಹೊಡೆದರೆ ಕಟ್ಟೆ ಬಿಟ್ಟಂತೆಯೇ. ‘ಅಜ್ಜಗ ಈಗ ಮಂದಿ ಬ್ಯಾಡಾಗ್ಯಾರ’ ಅನ್ನುತ್ತಾರೆ ಮನೆಯವರು. ಅಜ್ಜ ಅಂಜುವುದು ಆ ಹೊಸ್ತಿಲಿಗೆ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಊರು ಬಿಟ್ಟು, ಮುಳುಗಡೆಯವರಿಗಾಗಿ ಕಟ್ಟಿದ ಬಾಗಲಕೋಟೆಯ ನವನಗರಕ್ಕೆ ಬಂದವರದು ಇನ್ನೂ ಕಷ್ಟ. ಒಂದೇ ಓಣಿಯವರು ಬೇರೆ ಬೇರೆ ಸೆಕ್ಟರಿಗೆ ಚದುರಿದ್ದರೆ ಗೆಳೆಯನನ್ನು ಕಾಣಲೂ ಕಾಲಲ್ಲಿ ಬಲ ಬೇಕು.

ಯಾವ ಕೆಲಸ ಕೈಬಿಟ್ಟಿದೆ ಎಂದು ತಿಳಿಯಲು ವೈದ್ಯ ಸಿಡ್ನಿ ಕ್ಯಾಟ್ಜ್ 1963ರಲ್ಲಿ ಕೊಟ್ಟ ದಿನನಿತ್ಯದ ಆರು ಕೆಲಸಗಳ ಪಟ್ಟಿ ಇವತ್ತಿಗೂ ಸಾಕು: ಸ್ನಾನ, ಬಟ್ಟೆ ಉಡುವುದು, ಸಂಡಾಸಿಗೆ ಹೋಗಿಬರುವುದು, ಮಂಚದಿಂದ ಏಳುವುದು, ಮಲಮೂತ್ರದ ಹಿಡಿತ, ಉಣ್ಣುವುದು. ತಾವೇ ಮಾಡಿಕೊಂಡರೆ ಒಂದೊಂದಕ್ಕೆ 1, ಒಟ್ಟು 6. ಸಾಮಾನ್ಯವಾಗಿ ಮೊದಲು ಹೋಗುವುದು ಸ್ನಾನ, ಕೊನೆಗೆ ಊಟ. ಕೇಳಿ ಬರೆದುಕೊಳ್ಳಬೇಡಿ, ಮಾಡಿಸಿ ನೋಡಿ. ‘ಎಲ್ಲಾ ನಾನಽ ಮಾಡ್ಕೋತೀನ್ರಿ’ ಅಂದ ಆಯಿ ಎರಡೂ ಅಂಗೈ ಮೊಣಕಾಲಿಗೆ ಊರಿ, ಎರಡು ಸಲ ಮುಂದಕ್ಕೆ ತೂಗಿ, ಮೂರನೇ ಸಲಕ್ಕೆ ಎದ್ದು ಗೋಡೆ ಹಿಡಿದರೆ ತೊಡೆಯ ಬಲ ಹೋಗಿದೆ ಎಂದೇ ಲೆಕ್ಕ.

‘ಒಂಟಿತನ ಅನಸ್ತೈತೇನ್ರಿ’ ಎಂದು ಕೇಳಿದರೆ ಬರುವ ಉತ್ತರ ‘ಇಲ್ರಿ’. ಸೊಸೆ ಎದುರಿಗಿದ್ದರಂತೂ ಅಷ್ಟೇ. ಅವಳು ಒಳಗೆ ಹೋದ ಮೇಲೆ, ‘ಹೊತ್ತು ಹ್ಯಾಂಗ ಹೋಗತೈತ್ರಿ ಆಯಿ? ಹ್ವಾದ ವಾರ ಯಾರ ಜೋಡಿ ಕುಂತು ಮಾತಾಡಿದ್ರಿ?’ ಎಂದು ಕೇಳುತ್ತೇನೆ. ಒಂದು ಹೆಸರೂ ಬರದಿದ್ದರೆ ವಿಷಯ ತಿಳಿಯಿತು. ಮರೆವೂ ಇರಬಹುದು, ಅದನ್ನು ಬೇರೆಯಾಗಿ ನೋಡಬೇಕು. ಊಟ, ನಿದ್ದೆ ಬಿಟ್ಟು ಸಾಯುವ ಮಾತಾಡುತ್ತಿದ್ದರೆ ಇದು ಬರೀ ಬ್ಯಾಸರವಲ್ಲ: ಅಂದೇ ವೈದ್ಯರಿಗೆ ತೋರಿಸಬೇಕು, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬೇಕು.

ಬಚ್ಚಲಿಗೆ ಸುಮಾರು ಒಂದೂಕಾಲು ಇಂಚು ದಪ್ಪದ ಸ್ಟೀಲ್ ಪೈಪಿನ ಹಿಡಿಕೆ ಬೇಕು. ಗೋಡೆಗೂ ಪೈಪಿಗೂ ಒಂದೂವರೆ ಇಂಚು ಸಂದು. ಹೆಚ್ಚಾದರೆ ಜಾರಿದಾಗ ಮುಂಗೈ ಸಿಕ್ಕಿಕೊಳ್ಳುತ್ತದೆ. ನಮ್ಮ ಕಡೆಯ ಹಳೇ ಮನೆಗಳದು ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ. ಕಲ್ಲುಗಳ ನಡುವಿನ ಮಣ್ಣಿಗೆ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ಬಿಗಿದರೆ ಬೇಗ ಸಡಿಲಾಗುತ್ತದೆ, ಮತ್ತು ಸಡಿಲಾದ ಹಿಡಿಕೆ ಇಲ್ಲದ್ದಕ್ಕಿಂತ ಕೆಟ್ಟದ್ದು. ಕಲ್ಲಿಗೇ ತೂತು ಹೊಡೆದು ಆಂಕರ್ ಬೋಲ್ಟ್ ಹಾಕಿಸಿ, ಆಮೇಲೆ ಮಿಸ್ತ್ರಿ ತನ್ನ ಪೂರ್ತಿ ಭಾರ ಬಿಟ್ಟು ಜಗ್ಗಿ ತೋರಿಸಲಿ. ಹೊಸ್ತಿಲು 8 ಇಂಚಿದ್ದರೆ ಎರಡೂ ಬದಿಗೆ 4 ಇಂಚಿನ ಮೆಟ್ಟಿಲು, ಪಾದ ಪೂರ್ತಿ ಊರುವಂತೆ 12 ಇಂಚು ಅಗಲ. ಸ್ನಾನಕ್ಕೆ ಕಾಲಿಗೆ ರಬ್ಬರಿರುವ ಸ್ಟೂಲು. ತುಂಬಿದ ಬಕೆಟ್ ಒಂದರ ಬದಲು ಅರ್ಧರ್ಧ ತುಂಬಿದ ಎರಡು. ಊರಿ ನಡೆಯುವ ಬಡಿಗೆಯ ಎತ್ತರ ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಬರಬೇಕು. ನೋಯುವ ಕಾಲಿನ ಕಡೆ ಹಿಡಿಯುವವರೇ ಬಹಳ, ಹಿಡಿಯಬೇಕಾದದ್ದು ಆಚೆ ಕೈಯಲ್ಲಿ.

ಬಲ ಬರಲು ಗೋಡೆಗೆ ಆನಿಸಿದ, 45 ಸೆಂ.ಮೀ. ಎತ್ತರದ ಕುರ್ಚಿಯಿಂದ ಮುಂಜಾನೆ 5 ಸಲ, ಸಂಜೆ 5 ಸಲ ಎದ್ದು ಕೂಡಬೇಕು. ಮೊದಲಿಗೆ ಕೈ ಊರಲಿ, ಬರುಬರುತ್ತಾ ಬಿಡಿಸಿ. ಕೈ ಊರದೆ 5 ಸಲಕ್ಕೆ 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಜಾಸ್ತಿ. ಬಿಪಿ ಗುಳಿಗೆ ನುಂಗುವವರು ಮಂಚದ ಅಂಚಿಗೆ ಒಂದು ನಿಮಿಷ ಕೂತೇ ಏಳಲಿ.

ಇಷ್ಟೆಲ್ಲ ಮಾಡಿದರೂ ಕೆಲಸ ಕೆಡುವುದು ಮನೆಯವರ ಪ್ರೀತಿಯಿಂದ. ಆಯಿ ಇಳಕಲ್ ಸೀರೆ ಉಡಲು ಅರ್ಧ ತಾಸು ತಗೊಂಡಾರು. ಮಗಳು ಐದು ನಿಮಿಷದಲ್ಲಿ ಉಡಿಸಿಬಿಡುತ್ತಾಳೆ. ಹಾಗೆ ಉಡಿಸುತ್ತಲೇ ಹೋದರೆ ಕೈಗೆ ನಿರಿಗೆ ಹಿಡಿಯುವ ರೂಢಿ ತಪ್ಪುತ್ತದೆ. ಅರ್ಧ ತಾಸು ಮೊದಲೇ ಎಬ್ಬಿಸಿ, ಕೊನೆಯ ಗಂಟಿಗಷ್ಟೇ ಕೈ ಕೊಡಿ ಎಂದು ಹೇಳುತ್ತೇನೆ.

ಮಂದಿಯ ನಡುವೆ ಕೂಡಿಸುವ ಮೊದಲು ಕಿವಿ ನೋಡಿಸಿ. ಗುಗ್ಗೆ ಕಟ್ಟಿದ ಕಿವಿಗೆ ಎಷ್ಟು ಜನ ಮಾತಾಡಿದರೇನು? ವಯಸ್ಸಿನ ಕಿವುಡಿಗೆ ಚೀರಬಾರದು. ಎದುರಿಗೆ, ಬೆಳಕಿಗೆ ಮುಖ ಮಾಡಿ, ಕೀರಲಲ್ಲದ ದಪ್ಪ ದನಿಯಲ್ಲಿ ನಿಧಾನ ಮಾತಾಡಬೇಕು.

ಬರೀ ಮಾತಿಗೆ ಕೂಡಿಸಿದರೆ ನಾಲ್ಕು ದಿನಕ್ಕೆ ಮಾತು ಮುಗಿಯುತ್ತದೆ, ಕೈಗೆ ಕೆಲಸ ಬೇಕು. ಅಜ್ಜಂದಿರಿಗೆ ಶೇಂಗಾ ಸುಲಿಯುವುದು, ಆಯಿಗಳಿಗೆ ಕೌದಿ. ಮೂರ್ನಾಲ್ಕು ಜನ ಸಾಕು, ವಾರಕ್ಕೆ ಎರಡು ದಿನ, ಅದೇ ಹೊತ್ತು, ಸಂಡಾಸು ಹತ್ತಿರವಿರುವ ಪಡಸಾಲೆ. ಎತ್ತರದ ಪೀಠ ಇಡಿ. ನೆಲಕ್ಕೆ ಕೂತವರು ಏಳಲಾಗದೆ ಮರುವಾರ ಬರುವುದಿಲ್ಲ. ಕಣ್ಣು ಮಂಜಾದವರು ಸೂಜಿಗೆ ದಾರ ಪೋಣಿಸಲಾಗದೆ ನಾಚಿ ‘ನನಗ ಒಲ್ಲೆವಾ’ ಅಂದು ಎದ್ದುಬಿಡುತ್ತಾರೆ. ಅದಕ್ಕೆ ಹತ್ತು ದೊಡ್ಡ ಸೂಜಿಗೆ ಮೊದಲೇ ದಾರ ಹಾಕಿ ಬಟ್ಟೆಗೆ ಚುಚ್ಚಿಟ್ಟಿರಬೇಕು, ಕಪ್ಪು ಬಟ್ಟೆಗೆ ಬಿಳಿ ದಾರ.